ಪುಕ್ಕಲಣ್ಣನ ಎರಡನೇ ಲೇಪ

ಭಗವಂತ ಭಯವನ್ನು ಎಲ್ಲರಿಗೂ ಹಂಚಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದು ಒಬ್ಬನಿಗೇ ಕೊಟ್ಟಿದ್ದ. ಕಾರ್ಖಾನೆಯವರು ಅವನನ್ನು ಪುಕ್ಕಲಣ್ಣ ಎನ್ನುತ್ತಿದ್ದರು. ಇಲಿ ಓಡಿಸುವ ಕಾಳಿಗೆ ಲೇಪ ಹಾಕುವುದು ಅವನ ಕೆಲಸ. ಸಾಸಿವೆಯಷ್ಟು ಕಾಳು, ಒಳಗೆ ಏಳೂರಿಗಾಗುವಷ್ಟು ನಾತ. ಒಣಗಿದ್ದಾಗ ಸುಮ್ಮನಿರಬೇಕು, ಇಲಿಯ ಬಾಯಲ್ಲಿ ಒದ್ದೆಯಾದರೆ ಮೆಲ್ಲಮೆಲ್ಲಗೆ ನಾರಬೇಕು. ಹೋದ ಸಲದ ಕಾಳು ಮುಟ್ಟಿದ ಕೂಡಲೇ ಒಡೆದು, ಗೋದಾಮಿನವರೇ ಇಲಿಗಳಂತೆ ಓಡಿದ್ದರು. ಆ ಹೆದರಿಕೆಗೆ ಈ ಸಲ ಯಾರಿಗೂ ಹೇಳದೆ ಎರಡನೇ ಲೇಪ ಬಳಿದುಬಿಟ್ಟಿದ್ದ.

ಇವತ್ತು ಧಣಿಗಳದೇ ಪರೀಕ್ಷೆ. ಕಾಳು ಗೆದ್ದರೆ ಪುಕ್ಕಲಣ್ಣನೇ ಮೇಸ್ತ್ರಿ. ಮಾದರಿಗೆಂದು ಒಂದು ಹಿಡಿ ಕಾಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು, ದೇವರನ್ನು ನೆನೆದು ಹೊರಟ.

ಬಾಗಿಲಲ್ಲೇ ಕಾವಲುಗಾರ ತಬ್ಬಿಕೊಂಡ. "ಬನ್ನಿ ಮೇಸ್ತ್ರಿಗಳೇ!"

"ಅಯ್ಯೋ ಬಿಡಪ್ಪಾ! ಜೇಬು, ಜೇಬು!"

"ಜೇಬು ಇನ್ಮೇಲೆ ತುಂಬುತ್ತೆ ಬಿಡಿ!"

ಒಳಗೆ ಕಾಳು ಕಲಸುವ ಕೆಲಸದ ಭಾಮೈದ ಅದೇ ಜೇಬಿನ ಮೇಲೆ ರಪ್ಪನೆ ತಟ್ಟಿದ. "ಎದೆ ಗಟ್ಟಿ ಮಾಡ್ಕೊಳ್ಳಿ ಭಾವ!"

ಪುಕ್ಕಲಣ್ಣ ಕಪ್ಪೆಯಂತೆ ಹಿಂದಕ್ಕೆ ಹಾರಿ, ಮೆಟ್ಟಿಲಲ್ಲಿ ಜಾರಿ, ಧಣಿಗಳ ಕಾಲಬುಡಕ್ಕೇ ಬೋರಲು ಬಿದ್ದ. ಎಲ್ಲರೂ ಮೂಗು ಹಿಡಿದರು. ನಾತವೇ ಇಲ್ಲ!

"ಭಲೇ!" ಎಂದು ಧಣಿಗಳು ಆ ಜೇಬಿನಿಂದಲೇ ನಾಲ್ಕು ಕಾಳು ತೆಗೆದು ನೀರಿನ ಲೋಟಕ್ಕೆ ಹಾಕಿದರು. ಮೂಸಿದರು. ಕಾದರು. ಮತ್ತೆ ಮೂಸಿದರು. ಏನೂ ಇಲ್ಲ.

"ಇದು ಕಾಳೋ, ಆಡೋ ಗೋಲಿಯೋ? ಇಲಿ ಮೊಮ್ಮಕ್ಕಳನ್ನ ಕಂಡ್ರೂ ಇದು ಬಾಯಿ ಬಿಡಲ್ಲ! ಯಾರಯ್ಯಾ ಇಷ್ಟು ದಪ್ಪಕ್ಕೆ ಬಳಿದೋನು?"

ಪುಕ್ಕಲಣ್ಣನ ಮೈಯಿಂದ ಬೆವರು ಧಾರಾಕಾರವಾಗಿ ಇಳಿಯಿತು. ಬೆರಳು ತಾನಾಗಿಯೇ ಎದ್ದು ಭಾಮೈದನ ಕಡೆ ತಿರುಗಿತು. "ಎರಡನೇ ಲೇಪ... ನಂದಲ್ಲ ಸ್ವಾಮಿ. ಇವನದು."

"ನಂದಾ?" ಎಂದು ಭಾಮೈದ ತೆರೆದ ಬಾಯನ್ನು ಅಷ್ಟೇ ಬೇಗ ಮುಚ್ಚಿಕೊಂಡ. ಬೆವರು ಕುಡಿದ ಜೇಬಿನ ಕಾಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು! ಹಿಂದೆಯೇ ಲೋಟವೂ ನಾರಿತು. ಸತ್ತ ಹೆಗ್ಗಣವೂ ಎದ್ದು ಓಡುವಂಥ ನಾತ.

ಧಣಿಗಳು ಮೂಗು ಮುಚ್ಚಿಕೊಂಡೇ ಕುಣಿದರು. "ಗೆದ್ವಿ! ಬಿದ್ರೂ ಒಡೀಲಿಲ್ಲ, ನೆಂದ್ರೆ ನಿಧಾನಕ್ಕೆ ಬಿಟ್ಕೊಡ್ತಿದೆ! ಆ ಎರಡನೇ ಲೇಪ ಹಾಕಿದವನೇ ಇವತ್ತಿಂದ ಮೇಸ್ತ್ರಿ!"

"ಸ್ವಾಮಿ, ಅದು ನಾನೇ..."

"ಈಗ ತಾನೇ ನಂದಲ್ಲ ಅಂದ್ಯಲ್ಲಯ್ಯ! ದೂರ ನಿಂತು ಮಾತಾಡು!"

ಬಾಗಿಲಲ್ಲಿ ತಬ್ಬಿದ್ದ ಕಾವಲುಗಾರನೂ ಸೇರಿ ಎಲ್ಲರೂ ಈಗ ಹಲ್ಲಿಗಳಂತೆ ಗೋಡೆಗೆ ಅಂಟಿದ್ದರು. ಭಾಮೈದ ಮಾತ್ರ ಹೊರಗೋಡಿ, ಕಿಟಕಿಯಾಚೆಯಿಂದ ಕೈ ಮುಗಿದ.

"ದೇವರಂಥವರು ಭಾವ ನೀವು! ನನ್ನ ಹೆಸರು ನೀವೇ ಹೇಳಿದ್ರಿ ಅಂತ ಅಕ್ಕಂಗೆ ಆಗಲೇ ಫೋನ್ ಮಾಡಿಬಿಟ್ಟೆ."