ಹಸೆಮಣೆಯ ಮೇಲೆ ಹಿಮ್ಮಡಿ

ಹೊಸ ವಿಮಾನ ನಿಲ್ದಾಣದ ಕೆಲಸಕ್ಕೆ ಹಗಲೆಲ್ಲ ಮಣ್ಣು ಸಾಗುತ್ತಿದ್ದ ಕಾಲ. ಬೂದಿಗೆರೆ ರಸ್ತೆಯಲ್ಲಿ ನನ್ನದೊಂದು ಲಾರಿ ಗ್ಯಾರೇಜಿತ್ತು. ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ, ಆದರೂ ನಗಿಸುವವರು ತಾವಾಗಿಯೇ ಹಾರ್ನ್ ಹೊಡೆದುಕೊಂಡು ಒಳಗೆ ಬರುತ್ತಿದ್ದರು. ಒಂದೇ ಒಂದು ಪೆಡಲ್ ನನ್ನನ್ನು ಮೂರು ಸಲ ನಗಿಸಿದೆ.

೧. ಕೇಬಲ್ ಎಲ್ಲಿ?

ಸೂಲಿಬೆಲೆ ಕಡೆಯ ಓನರ್ ಒಬ್ಬರು ತಮ್ಮ ಹಳೇ ಲಾರಿಗೆ ಎಲೆಕ್ಟ್ರಾನಿಕ್ ಇಂಜಿನ್ ಹಾಕಿಸಿದರು. ಅದರ ಆಕ್ಸಿಲರೇಟರ್ ಪೆಡಲ್‌ಗೆ ಕೇಬಲ್ ಇರುವುದಿಲ್ಲ, ಬರೀ ವೈರು. ಇಪ್ಪತ್ತು ವರ್ಷದಿಂದ ಅದೇ ಲಾರಿ ಓಡಿಸುತ್ತಿದ್ದ ಡ್ರೈವರಣ್ಣ ಬಗ್ಗಿ ನೋಡಿದ.

"ಕೇಬಲ್ ಎಳೀದೆ ಇಂಜಿನ್‌ಗೆ ಹೆಂಗಪ್ಪಾ ಗೊತ್ತಾಗುತ್ತೆ?"

"ವೈರ್ ಹೇಳುತ್ತೆ ಕಣಣ್ಣ. ಮೆತ್ತಗೆ ಮುಟ್ಟಿದ್ರೆ ಸಾಕು."

"ಮೆತ್ತಗೆ ಮುಟ್ಟೋಕೆ ಇದೇನು ಲಾರಿನಾ, ಮೊಲಾನಾ?"

ಹಳೇ ಪೆಡಲ್ ತುಳಿದ ಹಾಗೇ ಮೈಭಾರವೆಲ್ಲ ಹಾಕಿ ತುಳಿದ. ಲಾರಿ ಮೊಲದ ಹಾಗೇ ನೆಗೆಯಿತು. ಪಕ್ಕದಲ್ಲಿ ಟೀ ಕುಡಿಯುತ್ತ ನಿಂತಿದ್ದ ಓನರ್ ಅದಕ್ಕಿಂತ ಜೋರಾಗಿ ನೆಗೆದರು. ಟೀ ಬಿಳೀ ಶರ್ಟಿನ ಮೇಲೆ ಬಿತ್ತು.

"ಸೋಮವಾರ ಲೋಡು ಶುರು. ಅಷ್ಟರೊಳಗೆ ಇವನ ಕಾಲು ಸರಿಹೋಗ್ಬೇಕು. ಇಲ್ಲಾಂದ್ರೆ ಬೇರೆ ಡ್ರೈವರ್!"

ಡ್ರೈವರಣ್ಣ ಮುಖ ಸಣ್ಣ ಮಾಡಿಕೊಂಡು ನನ್ನ ಕಿವಿಯಲ್ಲಿ ಹೇಳಿದ, "ಗುರು, ನಿನ್ ವೈರು ಚಾಡಿಕೋರ. ನಾನು ಹೇಳಿದ್ದು ಇಷ್ಟೇ ಇಷ್ಟು, ಅದು ಹೇಳಿದ್ದು ಇಷ್ಟುದ್ದ."

೨. ಯಾರ ಕಾಲಿನ ಅಳತೆ?

ನಾನೇ ಸೀಟಿನಲ್ಲಿ ಕೂತು ಅಳತೆ ತೆಗೆದು ಪೆಡಲ್ ಕೂರಿಸಿದ್ದೆ. ನನಗೆ ಸೊಗಸಾಗಿತ್ತು. ಡ್ರೈವರಣ್ಣನಿಗೆ ಮಾತ್ರ ಹಿಮ್ಮಡಿ ನೆಲಕ್ಕೂರಿದರೆ ಪೆಡಲ್ ಎಟುಕದು, ಪೆಡಲ್ ಎಟುಕಿದರೆ ಹಿಮ್ಮಡಿ ಗಾಳಿಯಲ್ಲಿ. ಕಾಲು ನಡುಗಿದರೆ ಲಾರಿಯೂ ನಡುಗುತ್ತಿತ್ತು. ಎರಡು ದಿನ ಕುಯ್ದೆ, ಬೆಸೆದೆ, ಬೈದೆ. ಮೂರನೇ ದಿನ ಲಾರಿ ಬಾಗಿಲ ಕೆಳಗೆ ಅವನ ಚಪ್ಪಲಿ ಕಂಡಿತು. ನಾನು ಅಳತೆ ತೆಗೆದದ್ದು ದಪ್ಪ ಅಟ್ಟೆಯ ಬೂಟು ಹಾಕಿಕೊಂಡು!

"ಬರಿಗಾಲಲ್ಲಿ ಓಡಿಸ್ತೀಯೇನಣ್ಣಾ?"

"ಮತ್ತೆ? ಒಳಗೆ ದೇವರ ಫೋಟೋ ಐತಲ್ಲ!"

"ಬಿಟ್ಟ ಚಪ್ಪಲಿ ಅಲ್ಲೇ ಮರೆತು ಹೋಗಲ್ವಾ?"

"ಹೋಗ್ತೀನಪ್ಪ. ಹೊಸಕೋಟೇಲಿ ಒಂದು ಜೊತೆ ಐತೆ, ಅರಿಶಿನಕುಂಟೇಲಿ ಎರಡು. ಆ ಕಡೆ ಹೋದಾಗ ಹಾಕ್ಕೋತೀನಿ."

೩. ಮಣೆ

ಹಿಮ್ಮಡಿ ಊರಲು ನುಣುಪಾದ ಹಲಗೆಯೊಂದನ್ನು ತಾ ಎಂದು ಡ್ರೈವರಣ್ಣನಿಗೆ ಹೇಳಿದೆ. ತಂದ. ಅರ್ಧಕ್ಕೆ ಕುಯ್ದು ಪೆಡಲ್ ಕೆಳಗೆ ಬೋಲ್ಟ್ ಹಾಕಿದೆ. ಕಾಲು ಮನೆಯಲ್ಲಿ ಕೂತಷ್ಟು ಆರಾಮಾಗಿ ಕೂತಿತು.

ಭಾನುವಾರ ಓನರ್ ತುಂಬಿದ ಟೀ ಲೋಟ ಹಿಡಿದೇ ಬಂದರು. "ಈ ಲೋಟ ಹಿಡ್ಕೊಂಡು ಪಕ್ಕದಲ್ಲಿ ಕೂರ್ತೀನಿ, ಮಣ್ಣು ಹಾಕೋ ಜಾಗದವರೆಗೂ ಓಡಿಸು. ಒಂದು ಹನಿ ಚೆಲ್ಲಿದ್ರೂ ನಾಳೆಯಿಂದ ಬರ್ಬೇಡ."

ಅಷ್ಟರಲ್ಲಿ ಡ್ರೈವರಣ್ಣನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದರು. "ಏನಪ್ಪಾ, ನಮ್ಮ ಮದುವೆ ಹಸೆಮಣೆ ಕುಯ್ದು ಲಾರಿಗೆ ಹಾಕಿದ್ಯಂತೆ?"

ಅದು ಯಾವ ಹಲಗೆ ಅಂತ ನಾನು ಕೇಳಿರಲೇ ಇಲ್ಲ. ಡ್ರೈವರಣ್ಣ ಸ್ಟೇರಿಂಗ್ ಒರೆಸತೊಡಗಿದ.

"ಅದನ್ನ ಬಿಚ್ಚಿಕೊಡೋವರೆಗೂ ನಾನು ಇಳಿಯಲ್ಲ," ಎಂದು ಚಪ್ಪಲಿ ಬಿಟ್ಟು ಕ್ಯಾಬಿನ್ ಹತ್ತಿ ಕೂತೇಬಿಟ್ಟರು. ಓನರ್ ಹತ್ತಲು ಹೋದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕೂಗಿದರು, "ಶೂ ಬಿಚ್ಚಿ! ಹಸೆಮಣೆ ಐತೆ!"

ಲಾರಿ ಹೊರಟಿತು. ನನಗೆ ಯಾವ ಸ್ಪಾನರ್ ಹಿಡಿದರೂ ಕೈ ಓಡಲಿಲ್ಲ. ಕೊನೆಗೆ ಓನರ್ ಫೋನ್ ಬಂತು.

"ಟೀ ಚೆಲ್ತಾ ಸಾರ್?"

"ಒಂದು ಹನೀನೂ ಇಲ್ಲ ಕಣಯ್ಯಾ. ಇವನೇ ನನ್ನ ಡ್ರೈವರ್. ಮಣೆ ಅಲ್ಲೇ ಇರ್ಲಿ ಅಂತ ಆಯಮ್ಮನೂ ಒಪ್ಪವ್ರೆ. ಇನ್ನೊಂದು ಮಣೆ ತಂದ್ಕೊಡ್ತಾರಂತೆ, ಅವ್ರು ಕೂರೋ ಕಡೆ ಹಾಕ್ಬೇಕಂತೆ."

ಖುಷಿಗೆ ನನ್ನ ಕಣ್ಣು ತುಂಬಿಬಂತು. "ಅಷ್ಟು ಸಾಕು ಸಾರ್!"

"ಏನು ಸಾಕು? ಇಲ್ಲಿ ಸೈಟ್ ಇಂಜಿನಿಯರ್ ಕೆಳಗಿಳಿದು ಬನ್ನಿ ಅಂತಾವ್ನೆ. ಕೆಳಗೆಲ್ಲಾ ಚೂಪು ಜಲ್ಲಿ. ನನ್ನ ಶೂ ಎಲ್ಲಯ್ಯಾ?"

ತಿರುಗಿ ನೋಡಿದೆ. ಗ್ಯಾರೇಜ್ ಮುಂದೆ ಮೂರು ಜೊತೆ ಸಾಲಾಗಿ ನಿಂತಿದ್ದವು.

"ಇಲ್ಲೇ ಇದೆ ಸಾರ್. ಈ ಕಡೆ ಬಂದಾಗ ಹಾಕ್ಕೊಳ್ಳಿ."