ಎಪ್ಪತ್ತೆರಡರ ನಾಡಿ

ಎಲ್ಲ ಎಡವಟ್ಟಿಗೂ ಕಾರಣ ಸ್ವರದ ಹಾಳೆಯ ನೆತ್ತಿಯ ಮೇಲೆ ಕೂತಿದ್ದ ಪುಟ್ಟ ಗುರುತು: ಒಂದು ಸ್ವರಚಿಹ್ನೆ, ಪಕ್ಕದಲ್ಲಿ ಎಪ್ಪತ್ತೆರಡು. ಅಂಚೆ ಗುಮಾಸ್ತನಿಗೆ ಸ್ವರ ಓದಲು ಬರುತ್ತಿತ್ತು. ವೇಗ ಮಾತ್ರ ಇದುವರೆಗೂ ಗುರುಗಳ ಕಾಲಿನಲ್ಲಿತ್ತು; ಅವರು ನೆಲ ಕುಟ್ಟಿದಂತೆ ಇವನು ಪಿಟೀಲು ನುಡಿಸುತ್ತಿದ್ದ. ಸಂಜೆ ವಾದ್ಯವೃಂದಕ್ಕೆ ಸೇರಲು ಆಯ್ಕೆ ಪರೀಕ್ಷೆ. ಗುರುಗಳ ಕಾಲನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ.

“ಈ ಸಲಾನೂ ಆಗ್ಲಿಲ್ಲ ಅಂದ್ರೆ ಪಿಟೀಲು ಅಟ್ಟಕ್ಕೆ,” ಎಂದು ಹೆಂಡತಿ ಬೆಳಿಗ್ಗೆಯೇ ಏಣಿ ಒರಸಿ ಇಟ್ಟಿದ್ದಳು.

ಕರೆಯದೆ ಬಂದವರು ಪಕ್ಕದ ಮನೆಯ ನಿವೃತ್ತ ನರ್ಸಮ್ಮ. ಹಾಳೆಯನ್ನು ದೂರ ಹಿಡಿದು ನೋಡಿದರು.

“ಇಷ್ಟೇನಾ? ನಿಮಿಷಕ್ಕೆ ಎಪ್ಪತ್ತೆರಡು ಬಡಿತ. ಆರೋಗ್ಯವಂತನ ನಾಡಿ ಕಣೋ!” ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. “ನಿಂದೂ ಅಷ್ಟೇ ಇದೆ. ಅದನ್ನೇ ನಂಬ್ಕೊಂಡು ನುಡಿಸು.”

ಪಿಟೀಲನ್ನು ಗದ್ದಕ್ಕೆ ಒತ್ತಿದರೆ ಕತ್ತಿನ ನಾಡಿ ಮರಕ್ಕೇ ತಾಗುತ್ತಿತ್ತು. ಅದಕ್ಕೆ ಸರಿಯಾಗಿ ಕಮಾನು ಎಳೆದ. ರಾಗ ತೊಟ್ಟಿಲಂತೆ ತೂಗಿತು. ಯಾವ ಕಾಲದ ಯಾವ ಪುಣ್ಯಾತ್ಮನೋ ತನ್ನ ಎದೆಬಡಿತವನ್ನು ಒಂದು ಅಂಕಿಯಲ್ಲಿ ಬಚ್ಚಿಟ್ಟು ಹೋಗಿದ್ದಾನಲ್ಲ! ಗುಮಾಸ್ತನಿಗೆ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ಬೈಯುವುದನ್ನು ಮರೆತಳು.

ಸಂಜೆ ಸಭಾಂಗಣದಲ್ಲಿ ವೃಂದದ ನಾಯಕರು “ಹ್ಞೂಂ, ಶುರು ಮಾಡಿ” ಎಂದರು. ಆ ಗಡಸು ದನಿ ಕೇಳಿದ್ದೇ ಗುಮಾಸ್ತನ ಜೀವ ಬಾಯಿಗೆ ಬಂತು. ನಾಡಿ ಓಡಿತು, ಅದರ ಬೆನ್ನಿಗೆ ಕಮಾನೂ ಓಡಿತು. ಕಮಾನಿನ ಓಟ ನೋಡಿ ಹೆದರಿಕೆ ಹೆಚ್ಚಾಯಿತು. ಹೆದರಿಕೆ ಹೆಚ್ಚಾದಂತೆ ನಾಡಿ ಇನ್ನೂ ಜೋರು. ಜೋಗುಳದಂಥ ರಾಗ ಲಗಾಮು ಕಿತ್ತ ಕುದುರೆಯಾಯಿತು. ನಿಲ್ಲಿಸೋಣವೆಂದರೆ ನಾಡಿ ನಿಲ್ಲಿಸುವುದು ಹೇಗೆ?

“ಉಸಿರು ಬಿಡೋ!” ಎಂದು ಅವನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಕೂಗಿದರು. ಅದಕ್ಕೂ ಬೆಚ್ಚಿಬಿದ್ದು ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಮುಗಿಸಿದ.

ನಾಯಕರು ಮೆಲ್ಲಗೆ ಎದ್ದು ನಿಂತರು.

“ಒಂದು ಸ್ವರಾನೂ ತಪ್ಪಲಿಲ್ಲ! ಇಂಥ ಓಟ ನನ್ನ ಜನ್ಮದಲ್ಲೇ ಕೇಳಿಲ್ಲ. ನಿಧಾನಕ್ಕೆ ನುಡಿಸೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮಗೆ ಬೇಕಿದ್ದಿದ್ದು ನೀವು!”

ಗುಮಾಸ್ತನಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ನಾಯಕರು ಇನ್ನೊಂದು ಹಾಳೆಯನ್ನು ಭಕ್ತಿಯಿಂದ ಅವನ ಕೈಗಿತ್ತರು. “ಇದನ್ನ ಮುಟ್ಟೋಕೂ ಯಾರಿಗೂ ಧೈರ್ಯ ಇರ್ಲಿಲ್ಲ. ನಾಳೆ ಕಾರ್ಯಕ್ರಮದಲ್ಲಿ ನೀವೇ ನುಡಿಸ್ಬೇಕು.”

ಹಾಳೆಯ ನೆತ್ತಿಯ ಮೇಲೆ ಇನ್ನೂರ ಎಂಟು ಎಂದಿತ್ತು. ಅವನು ಅದನ್ನು ನರ್ಸಮ್ಮನಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿದರು, ತೆಗೆದು ಒರಸಿ ಮತ್ತೆ ನೋಡಿದರು.

“ಆಸ್ಪತ್ರೇಲಿ ನಾಡಿ ಇಷ್ಟಕ್ಕೆ ಬಂದ್ರೆ,” ಎಂದರು ಮೆಲ್ಲಗೆ, “ನಾವು ಮನೆಯವರನ್ನ ಒಳಗೆ ಕರೀತಿದ್ವಿ.”