ಕ್ರಾಟ್ಜರ್ ಬೇಕರಿಯಲ್ಲಿ ಚುನಾವಣಾ ಅಕ್ರಮ

ಶುಕ್ರವಾರ ಬೆಳಗಿನ ಜಾವ ಎಲ್ವುಡ್ ಕ್ರಾಟ್ಜರನ ಬೇಕರಿಯಲ್ಲಿ ನೀಲಿ ಬಣ್ಣ ಮುಗಿದುಹೋಯಿತು. ಬೇರೆ ಯಾವ ವಾರ ಮುಗಿದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಮುಂದಿನ ಮಂಗಳವಾರ ಅಧ್ಯಕ್ಷರ ಚುನಾವಣೆ. ನಮ್ಮ ಸ್ಟೋನಿ ಫೋರ್ಡ್ ಊರಿನಲ್ಲಿ ಅಧ್ಯಕ್ಷರು ಯಾರಾಗುತ್ತಾರೆ ಅನ್ನುವುದನ್ನು ಟೀವಿಗಿಂತ ಮೊದಲು ಹೇಳುವುದು ಎಲ್ವುಡ್‌ನ ಬಿಸ್ಕತ್ತು.

ಇದು ಅವನ ಅಪ್ಪನ ಕಾಲದಿಂದ ಬಂದದ್ದು. ಚುನಾವಣೆ ಹತ್ತಿರವಾಯಿತೆಂದರೆ ಬೇಕರಿಯಲ್ಲಿ ಎರಡು ತಟ್ಟೆ. ಒಂದರಲ್ಲಿ ಹಿಟ್ಟಿಗೇ ಕೆಂಪು ಬಣ್ಣ ಕಲಸಿ ಗವರ್ನರ್ ಬ್ರಾಕೆಟ್ ಹೆಸರು ಬರೆದ ಬಿಸ್ಕತ್ತು, ಇನ್ನೊಂದರಲ್ಲಿ ನೀಲಿ ಕಲಸಿ ಸೆನೆಟರ್ ಲಿಂಡ್‌ಗ್ರೆನ್ ಹೆಸರು ಬರೆದದ್ದು. ಯಾವುದು ಎಷ್ಟು ಮಾರಿತು ಅಂತ ಕಿಟಕಿಯಲ್ಲಿರುವ ಕರಿಹಲಗೆಯ ಮೇಲೆ ದಿನಾ ಬರೆಯುತ್ತಾನೆ. ಆ ಹಲಗೆ ಸುಳ್ಳು ಹೇಳಿದ್ದು ಒಂದೇ ಸಲ. ಅದೂ ಸನ್ಯಾಸಿನಿಯರ ಬಸ್ಸೊಂದು ದಾರಿ ತಪ್ಪಿ ಬಂದು, ಒಂದೇ ಬಣ್ಣದ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ ಹೋದ ವರ್ಷ.

ಎಲ್ವುಡ್ ಸ್ವತಃ ಯಾರಿಗೆ ಮತ ಹಾಕುತ್ತಾನೆ? ಅದು ಅವನ ಹೆಂಡತಿ ವರ್ನಾಗೂ ಗೊತ್ತಿಲ್ಲ. ಊರಿನ ಅರ್ಧ ಜನ ಕೆಂಪು, ಅರ್ಧ ಜನ ನೀಲಿ. ಇಬ್ಬರ ಬಾಯಲ್ಲೂ ಹಲ್ಲಿದ್ದರೆ ಬೇಕರಿಯವನಿಗೆ ಅಷ್ಟೇ ಸಾಕು. ಹಾಗಾಗಿ ನೀಲಿ ಬಣ್ಣ ಮುಗಿದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ರಟ್ಟಿನ ಮೇಲೆ 'ನೀಲಿ ಮುಗಿದಿದೆ, ಮಧ್ಯಾಹ್ನ ಬನ್ನಿ' ಅಂತ ಬರೆದು ಬಾಗಿಲಿಗೆ ಅಂಟಿಸಿದ. ಒಳಗೆ ಹೋಗಿ ಕೆಂಪು ಬಿಸ್ಕತ್ತಿನ ತಟ್ಟೆಯನ್ನು ಒಲೆಗೆ ತಳ್ಳಿದ.

ಬಾಗಿಲು ತೆರೆಯುತ್ತಿದ್ದಂತೆ ಪಕ್ಕದ ಬ್ಯೂಟಿ ಪಾರ್ಲರಿನ ಗ್ಲೆಂಡಾ ಹಾಫ್‌ಮನ್ ಕಾಫಿಗೆ ಬಂದಳು. ಗ್ಲೆಂಡಾ ಅಪ್ಪಟ ನೀಲಿ, ಊರಿನಲ್ಲಿ ಆ ಪಕ್ಷದ ಮುಂದಾಳು. ಅವಳ ಅಂಗಳದಲ್ಲಿ ಹುಲ್ಲಿಗಿಂತ ಲಿಂಡ್‌ಗ್ರೆನ್ ಫಲಕಗಳೇ ಜಾಸ್ತಿ.

"ಏನಿದು ಎಲ್ವುಡ್, ನೀಲಿ ಮುಗಿದಿದೆ ಅಂದ್ರೆ?"

"ಮುಗಿದಿದೆ ಅಂದ್ರೆ ಮುಗಿದಿದೆ ಗ್ಲೆಂಡಾ. ಬಣ್ಣ ತರೋಕೆ ವರ್ನಾ ಪಟ್ಟಣಕ್ಕೆ ಹೋಗ್ತಾಳೆ."

"ಕೆಂಪು ಮಾತ್ರ ಮುಗಿದಿಲ್ಲ?"

"ಇಲ್ಲ."

"ಎಂಥಾ ವಿಚಿತ್ರ ಅಲ್ವಾ!" ಅಂದಳು ಗ್ಲೆಂಡಾ. ಆ ದನಿ ಎಲ್ವುಡ್‌ಗೆ ಹಿಡಿಸಲಿಲ್ಲ. ವಿಚಿತ್ರ ಏನೂ ಇಲ್ಲ ಅಂತ ಅವಳಿಗೆ ತಿಳಿಸಿ ಹೇಳುತ್ತಾ ನಿಂತ. ಹೇಳಿ ಮುಗಿಯುವಷ್ಟರಲ್ಲಿ ಒಳಗಿನಿಂದ ಹೊಗೆ ಬಂತು. ಒಲೆಯಲ್ಲಿದ್ದ ಕೆಂಪು ಬಿಸ್ಕತ್ತಿನ ಅಂಚೆಲ್ಲ ಸೀದು ಕಪ್ಪಾಗಿತ್ತು. ಥೂ ಅಂತ ಬೈದುಕೊಂಡು ತಟ್ಟೆಯನ್ನು ಹಿತ್ತಿಲಿಗೆ ಒಯ್ದು ಕಸದ ತೊಟ್ಟಿಗೆ ಸುರಿದ.

ಹಿತ್ತಿಲಾಚೆಯ ಮನೆ ಡೆನಿಸ್ ಶೂಪ್‌ನದು. ಶಾಲೆ ಬಸ್ಸು ಓಡಿಸಿ ನಿವೃತ್ತನಾದ ಡೆನಿಸ್ ಅಪ್ಪಟ ಕೆಂಪು, ಊರಿನಲ್ಲಿ ಆ ಪಕ್ಷದ ಮುಂದಾಳು. ಮೊದಲು ಕನ್ನಡಿಯಲ್ಲಿ ಮಕ್ಕಳ ತಂಟೆ ನೋಡುತ್ತಿದ್ದ ಕಣ್ಣು, ಈಗ ಅಡುಗೆಮನೆ ಕಿಟಕಿಯಿಂದ ದೇಶದ ತಂಟೆ ನೋಡುತ್ತಿತ್ತು. ಎಲ್ವುಡ್ ತಟ್ಟೆ ಸುರಿಯುವುದನ್ನು ಅದು ಬಿಡುತ್ತದೆಯೇ? ಫೋಟೋ ತೆಗೆಯಿತು.

ಮೊದಲ ಕಾಫಿ ಮಾರುವಷ್ಟರಲ್ಲಿ ಊರಿನ 'ನೆರೆಹೊರೆ' ಗ್ರೂಪಿನಲ್ಲಿ ಎರಡು ಚಿತ್ರ ಬಂದಿದ್ದವು. ಗ್ಲೆಂಡಾ ಬಾಗಿಲಿನ ರಟ್ಟು ಹಾಕಿ, 'ನೀಲಿ ಮುಗಿದಿದೆಯಂತೆ. ಮುಗಿದಿದೆಯೋ, ಮುಗಿಸಿದ್ದಾರೋ?' ಅಂತ ಬರೆದಿದ್ದಳು. ಡೆನಿಸ್ ತೊಟ್ಟಿಯ ಚಿತ್ರ ಹಾಕಿ, 'ಬೆಳಕು ಹರಿಯುವ ಮೊದಲೇ ನೂರಾರು ಕೆಂಪು ಮತಗಳು ಕಸಕ್ಕೆ! ಕಣ್ಣಿದ್ದವರು ನೋಡಿ' ಅಂತ ಬರೆದಿದ್ದ.

ವರ್ನಾ ಫೋನು ನೋಡಿ ಗಂಡನ ಮುಂದೆ ಹಿಡಿದಳು. "ನೋಡಪ್ಪಾ, ನೀನು ಎರಡು ಪಕ್ಷಕ್ಕೂ ಮೋಸ ಮಾಡಿದ್ದೀಯಂತೆ. ಒಂದೇ ಬೆಳಿಗ್ಗೆ."

"ಇಷ್ಟೇನಾ? ನಡೆದದ್ದು ನಡೆದ ಹಾಗೆ ಹೇಳಿಬಿಟ್ರೆ ಮುಗೀತು" ಅಂದ ಎಲ್ವುಡ್. ಅವನಿಗೆ ಜನರ ಮೇಲೆ ಅಂಥಾ ಭರವಸೆ. ಹಿಟ್ಟು, ನೀರು, ಬೆಂಕಿ ಮೂರನ್ನು ಸರಿಯಾಗಿ ಸೇರಿಸಿದರೆ ಬ್ರೆಡ್ಡೇ ಆಗುವುದು, ಇನ್ನೇನೂ ಆಗುವುದಿಲ್ಲ ಅಂತ ನಂಬಿ ಬದುಕಿದ ಮನುಷ್ಯ.

"ಬೇಡ ಎಲ್ವುಡ್. ಬಾಯಿ ಮುಚ್ಕೊಂಡಿರು."

"ನಾನೇನು ಕಳ್ಳನಾ, ಬಾಯಿ ಮುಚ್ಕೊಂಡಿರೋಕೆ? ಹಿಡಿ ಫೋನು."

ಒಲೆಯ ಮುಂದೆ ನಿಂತು ಅವನು ಹೇಳಿದ್ದು ಇಷ್ಟೇ: "ನಾನು ಎಲ್ವುಡ್ ಕ್ರಾಟ್ಜರ್. ನೀಲಿ ಬಣ್ಣ ಮುಗಿದಿತ್ತು. ಕೆಂಪು ಬಿಸ್ಕತ್ತು ಸೀದು ಹೋಯ್ತು. ಬೇರೇನೂ ಇಲ್ಲ." ಆ ವೀಡಿಯೋ ಮಧ್ಯಾಹ್ನದ ಹೊತ್ತಿಗೆ ನಾಲ್ಕು ರಾಜ್ಯ ಸುತ್ತಿ ಬಂತು.

'ಇಷ್ಟು ಚಿಕ್ಕದಾಗಿ ಯಾಕೆ ಹೇಳಿದ? ಯಾರು ಬರೆದುಕೊಟ್ಟರು?' ಅಂತ ಒಬ್ಬ ಕೇಳಿದ. 'ಎಡಗಣ್ಣು ಮಾತ್ರ ಮಿಟುಕಿಸುತ್ತಿದ್ದಾನೆ, ಪಾಪ, ಯಾರೋ ಅವನನ್ನು ಹಿಡಿದಿಟ್ಟಿದ್ದಾರೆ' ಅಂದಳು ಇನ್ನೊಬ್ಬಳು. ಕಣ್ಣಿಗೆ ಹಿಟ್ಟು ಬಿದ್ದಿತ್ತು, ಅದಕ್ಕೆ ಮಿಟುಕಿಸಿದ್ದು. ಅವನ ಹಿಂದಿನ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದಿರುವುದನ್ನು ಯಾರೋ ಕಂಡುಹಿಡಿದು, 'ಆ ಹತ್ತು ನಿಮಿಷದಲ್ಲಿ ಬೇಕರಿಯಲ್ಲಿ ಏನು ನಡೆಯಿತು?' ಅಂತ ಕೆಂಪು ಗೆರೆ ಎಳೆದು ಹಾಕಿದರು. ಕೊನೆಗೆ ಅರಿಜೋನಾದ ಒಬ್ಬ ಮಹಾಶಯ, ಜನ್ಮದಲ್ಲಿ ನಮ್ಮೂರಿಗೆ ಕಾಲಿಡದವನು, 'ಇವನು ಎಲ್ವುಡ್ಡೇ ಅಲ್ಲ, ಕಿವಿ ನೋಡಿ' ಅಂತ ತೀರ್ಪು ಕೊಟ್ಟ.

"ಮದುವೆಯಾದಾಗಿನಿಂದ ಆ ಕಿವಿಗೇ ಕೂಗ್ತಾ ಇದ್ದೀನಿ" ಅಂದಳು ವರ್ನಾ. "ಅದೇ ಕಿವಿ. ಇವತ್ತು ಬೆಳಿಗ್ಗೆನೂ ಅದಕ್ಕೆ ನಾನು ಹೇಳಿದ್ದು ಕೇಳಿಸ್ಲಿಲ್ಲ."

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಮೊದಲು ಚರ್ಚಿನ ಮಹಿಳಾ ಮಂಡಳಿ: ಚುನಾವಣೆ ಮುಗಿದ ಮೇಲೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹೇಳಿದ್ದ, ಹೂರಣ ತುಂಬಿ ಬೇಯಿಸುವ ಕುಂಬಳಕಾಯಿ ಪೈ ಬೇಡವಂತೆ. ಆಮೇಲೆ ಅಗ್ನಿಶಾಮಕ ದಳದವರು: ಅವರದೂ ಬೇಡ. ಆಮೇಲೆ ಒಬ್ಬೊಬ್ಬರಾಗಿ ಊರಿಗೆ ಊರೇ. ಕೆಂಪಿನವರು ನೀಲಿಯ ಏಜೆಂಟಿನ ಪೈ ತಿನ್ನುವುದಿಲ್ಲವಂತೆ, ನೀಲಿಯವರು ಕೆಂಪಿನ ಗುಲಾಮನ ಪೈ ತಿನ್ನುವುದಿಲ್ಲವಂತೆ. ಎಲ್ವುಡ್‌ನ ನಗು ನಿಂತುಹೋಯಿತು. ಬ್ರೆಡ್ಡು ಬಿಸ್ಕತ್ತು ಮಾರಿದರೆ ದಿನ ಹೋಗುತ್ತದೆ ಅಷ್ಟೆ. ಬೇಕರಿ ಚಳಿಗಾಲ ದಾಟುವುದು ಹಬ್ಬದ ಪೈಗಳಿಂದ. ಅವು ಹೋದರೆ ವಸಂತದ ಹೊತ್ತಿಗೆ ಬಾಗಿಲಿಗೆ ಬೀಗ.

"ಏನ್ ಮಾಡ್ತೀಯ ಈಗ?" ಅಂದಳು ವರ್ನಾ. ಈ ಸಲ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

"ಇಬ್ಬರನ್ನೂ ಕರೀತೀನಿ. ಅವರ ಕಣ್ಣೆದುರಿಗೇ ಲೆಕ್ಕ ಹಾಕಿಸ್ತೀನಿ. ಮುಖ ನೋಡಿ ಮಾತಾಡಿದ್ರೆ ನಂಬ್ದೆ ಇರ್ತಾರಾ?"

ನಾನಾಗಿದ್ದರೆ ಅಂಗಡಿ ಮುಚ್ಚಿ ಮೀನು ಹಿಡಿಯಲು ಹೋಗುತ್ತಿದ್ದೆ. ಎಲ್ವುಡ್ ಕರೆದ. ಅವರು ಬಂದರು. ಡೆನಿಸ್ ಹಿಂದೆ ಒಂದಷ್ಟು ಕೆಂಪು ಟೋಪಿ, ಗ್ಲೆಂಡಾ ಹಿಂದೆ ಒಂದಷ್ಟು ನೀಲಿ ಬಿಲ್ಲೆ. ಎಲ್ಲರ ಕೈಯಲ್ಲೂ ಫೋನು. ಮರುಎಣಿಕೆ ಅಂತ ಕೇಳಿ, ಮನೆಯಲ್ಲಿ ಉಳಿದಿದ್ದ ಬಿಸ್ಕತ್ತನ್ನೂ ಹಿಡಿದು ತಂದಿದ್ದರು.

"ತಿಂದಿರೋ ಬಿಸ್ಕತ್ತನ್ನ ಹೇಗಯ್ಯಾ ಎಣಿಸೋದು?" ಅಂತ ಡೆನಿಸ್ ಶುರುಮಾಡಿದ.

"ಉಳಿದಿದ್ದನ್ನ ಎಣಿಸೋಣ" ಅಂದಳು ಗ್ಲೆಂಡಾ. ಒಂದು ಚೂರನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಇದರಲ್ಲಿ 'ಗ್ರೆನ್' ಅಂತ ಕಾಣ್ತಿದೆ. ನಮ್ಮದು."

"ಅರ್ಧ ಕಚ್ಚಿದ್ದಾರೆ. ಅರ್ಧ ಬಿಸ್ಕತ್ತು ಅಂದ್ರೆ ಅರ್ಧ ಮತ."

"ಮತದಾರನ ಇಂಗಿತ ಮುಖ್ಯ ಡೆನಿಸ್!"

"ಇಂಗಿತ ಏನು ಬಂತು? ಇಷ್ಟವಾಗ್ದೆ ಅರ್ಧಕ್ಕೆ ಬಿಟ್ಟಿದ್ದಾನೆ ಅಂದ್ರೆ ಅದು ನಮಗೆ ಬಿದ್ದ ಮತ!"

ಒಬ್ಬಳು ಖಾಲಿ ಪೊಟ್ಟಣ ತೋರಿಸಿ, ತನ್ನ ಮತವನ್ನು ನಾಯಿ ತಿಂದಿತು ಅಂದಳು. ನಾಯಿ ಯಾವ ಪಕ್ಷದ್ದು ಅನ್ನುವ ಬಗ್ಗೆ ಚರ್ಚೆ ಕಾವೇರಿತು. ಎಲ್ವುಡ್ ಇಬ್ಬರ ನಡುವೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೈ ಮುಗಿಯುವುದೊಂದು ಬಾಕಿ.

ವರ್ನಾಗೆ ತಡೆಯಲಾಗಲಿಲ್ಲ. ಗಲ್ಲಾ ಬಿಟ್ಟು ಮುಂದೆ ಬಂದಳು. "ಡೆನಿಸ್, ನನ್ನದೊಂದು ಅನುಮಾನ. ನೀನು ದಿನಾ ಹಿಂಬಾಗಿಲಿಗೆ ಬಂದು ಡಬ್ಬದ ತುಂಬ ನೀಲಿ ಬಿಸ್ಕತ್ತು ಒಯ್ತೀಯಲ್ಲ, ಅದನ್ನ ಯಾರ ಲೆಕ್ಕಕ್ಕೆ ಹಾಕ್ಲಿ? ಬಣ್ಣ ಮುಗಿದದ್ದೇ ನಿನ್ನಿಂದ!"

ಕೆಂಪು ಟೋಪಿಗಳೆಲ್ಲ ಡೆನಿಸ್ ಕಡೆ ತಿರುಗಿದವು.

"ಅದು... ಅದು ತಂತ್ರ" ಅಂದ ಡೆನಿಸ್, ಕಿವಿಯವರೆಗೂ ಕೆಂಪಾಗಿ. "ಹಲಗೆ ಮೇಲೆ ನಾವು ಸೋಲ್ತಿದ್ದೀವಿ ಅಂತ ಕಂಡ್ರೆ ನಮ್ಮ ಸೋಮಾರಿಗಳು ಗಾಬರಿ ಬಿದ್ದು ಮತ ಹಾಕೋಕೆ ಬರ್ತಾರೆ ಅಂತ..."

ಗ್ಲೆಂಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀನೇನು ನಗೋದು ಗ್ಲೆಂಡಾ?" ಅಂದಳು ವರ್ನಾ. "ನಿನ್ನ ಪಾರ್ಲರಿಗೆ ಹೋಗೋ ಡಬ್ಬದಲ್ಲಿ ಒಂದಾದ್ರೂ ನೀಲಿ ಇರ್ತದಾ? ಎಲ್ಲ ಕೆಂಪೇ!"

ಗ್ಲೆಂಡಾ ತಟ್ಟನೆ ಇಕ್ಕಳ ಕೆಳಗಿಟ್ಟಳು. "ನಮ್ಮವರೂ ಸೋಮಾರಿಗಳೇ" ಅಂದಳು ಮೆಲ್ಲಗೆ.

ಎಲ್ವುಡ್‌ಗೆ ಹೋದ ಜೀವ ಬಂದಂತಾಯಿತು. "ಕೇಳಿದ್ರಲ್ಲಪ್ಪಾ! ಮೋಸ ಮಾಡಿದ್ದು ನೀವು, ನಾನಲ್ಲ. ಸರಿ ಹೋಯ್ತಲ್ಲ? ಪೈ ಆರ್ಡರು ವಾಪಸ್ ಬರೆಸಿ!"

ಡೆನಿಸ್ ಮತ್ತು ಗ್ಲೆಂಡಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ವರ್ಷದ ಮೇಲೆ ಅವರಿಬ್ಬರೂ ಒಂದೇ ಪಕ್ಷವಾದದ್ದು ಆ ಕ್ಷಣ.

"ಗೊತ್ತಿದ್ದೂ ನನಗೆ ನೀಲಿ ಮಾರಿದ್ಯಲ್ಲ ಎಲ್ವುಡ್!" ಅಂದ ಡೆನಿಸ್.

"ಗೊತ್ತಿದ್ದೂ ನನಗೆ ಕೆಂಪು ಕೊಟ್ಯಲ್ಲ!" ಅಂದಳು ಗ್ಲೆಂಡಾ. "ಬೇಡ ಅಂತ ತಡೀಬೇಕಿತ್ತು ತಾನೇ? ಇಷ್ಟು ದಿನ ನಮ್ಮಿಬ್ಬರನ್ನೂ ಆಡಿಸ್ತಿದ್ದೀಯ. ನೀನು ಸಾಮಾನ್ಯನಲ್ಲ ಕಣಯ್ಯಾ."

ಎಲ್ಲರೂ ಎದ್ದು ಹೋದರು. ಎಲ್ವುಡ್ ಹಲಗೆ ಒರೆಸಿ ಕೆಳಗಿಟ್ಟ. ಜೀವನದಲ್ಲಿ ಮೊದಲ ಸಲ ಅವನಿಗೆ ಬ್ರೆಡ್ಡಿನ ಮೇಲೂ ನಂಬಿಕೆ ಹೋಗಿತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಸರ್ಕಾರಿ ಕಾರು ಬಂದು ನಿಂತಿತು. ಇಳಿದವರು ಜಿಲ್ಲೆಯ ಚುನಾವಣಾ ಅಧಿಕಾರಿ ಒಪಲ್ ಪ್ರೂಯಿಟ್. ಅವರ ಹಿಂದೆ ಮತ್ತೆ ಡೆನಿಸ್, ಗ್ಲೆಂಡಾ. ಅಂಗಡಿಗೆ ಬೀಗ ಜಡಿಯಲು ಬಂದರು ಅಂದುಕೊಂಡು ವರ್ನಾ ಗಂಡನ ತೋಳು ಹಿಡಿದಳು.

"ಮಿಸ್ಟರ್ ಕ್ರಾಟ್ಜರ್, ನಿಮಗೆ ಅಭಿನಂದನೆ" ಅಂದರು ಒಪಲ್. "ನಿಮ್ಮ ಮತಗಟ್ಟೆಯ ಮುಖ್ಯಾಧಿಕಾರಿ ಬೆನ್ನುನೋವು ಅಂತ ರಾಜೀನಾಮೆ ಕೊಟ್ಟು ಫ್ಲಾರಿಡಾಕ್ಕೆ ಓಡಿಹೋದರು. ಅವರ ಜಾಗಕ್ಕೆ ಎರಡೂ ಪಕ್ಷ ಒಪ್ಪೋ ಒಬ್ಬ ಮನುಷ್ಯ ಬೇಕಿತ್ತು ನನಗೆ. ಪಾದ್ರಿಗಳ ಹೆಸರು ಹೇಳಿದೆ. ಅವರ ಕಾರು ನೀಲಿ ಅಂತ ಡೆನಿಸ್ ಬೇಡ ಅಂದ್ರು. ದನದ ಡಾಕ್ಟರಮ್ಮನ ಹೆಸರು ಹೇಳಿದೆ. ಅವರ ಕೂದಲು ಕೆಂಪು ಅಂತ ಗ್ಲೆಂಡಾ ಬೇಡ ಅಂದ್ರು. ಇವತ್ತು ಸಂಜೆ ಇಬ್ಬರೂ ಒಂದೇ ಹೆಸರು ಕೊಟ್ಟಿದ್ದಾರೆ. ಮಂಗಳವಾರ ಈ ಊರಿನ ಮತ ಎಣಿಸೋರು ನೀವೇ."

ಎಲ್ವುಡ್ ಬೆಪ್ಪಾಗಿ ಇಬ್ಬರನ್ನೂ ನೋಡಿದ. "ನನ್ನನ್ನ ನಂಬೋದೇ ಇಲ್ಲ ಅಂದ್ರಲ್ಲ?"

"ಅದಕ್ಕೇ ಕಣಯ್ಯಾ" ಅಂದ ಡೆನಿಸ್. "ಬೇರೆಯವರಾದ್ರೆ ಯಾವ ಕಡೆ ಅಂತ ಗೊತ್ತಾಗಲ್ಲ. ನೀನು ನೀಲಿಯವರ ಕಡೆ ಅಂತ ನನಗೆ ಖಾತ್ರಿ ಇದೆ. ಕಣ್ಣಿಡೋಕೆ ಸುಲಭ."

"ನೀನು ಕೆಂಪಿನವರ ಕಡೆ ಅಂತ ನನಗೂ ಅಷ್ಟೇ ಖಾತ್ರಿ" ಅಂದಳು ಗ್ಲೆಂಡಾ.

"ನನ್ನಿಂದ ಆಗಲ್ಲ ಮೇಡಂ!" ಅಂತ ಎಲ್ವುಡ್ ಕೂಗಿದ.

ಡೆನಿಸ್ ಆಗಲೇ ಫೋನು ಎತ್ತಿ, ಗಟ್ಟಿಯಾಗಿ ಓದಿಕೊಳ್ಳುತ್ತಾ ಗ್ರೂಪಿಗೆ ಬರೆಯುತ್ತಿದ್ದ. "'ಎಣಿಕೆಗೆ ಹೆದರಿದ ಬೇಕರಿಯವ. ಏನು ಮುಚ್ಚಿಡುತ್ತಿದ್ದಾನೆ?'"

"ಅಯ್ಯೋ, ಆಯ್ತು! ಒಪ್ಪಿದೆ!"

"'ಇಷ್ಟು ಬೇಗ ಯಾಕೆ ಒಪ್ಪಿದ?'" ಅಂತ ಗ್ಲೆಂಡಾ ಹಾಕಿಬಿಟ್ಟಳು.

ಒಪಲ್ ಅವನ ಕೈ ಕುಲುಕಿದರು. ಎಲ್ವುಡ್ ಕೊನೆಯ ಧೈರ್ಯ ಮಾಡಿ ಕೇಳಿದ: "ಹಾಗಾದ್ರೆ ನನ್ನ ಪೈಗಳು?"

"ಕೊಳ್ತೀವಪ್ಪಾ" ಅಂದರು ಇಬ್ಬರೂ ಒಟ್ಟಿಗೆ. "ನಮ್ಮವರು ಗೆದ್ರೆ."

ಕಾರು ಹೋಯಿತು. ನೆರೆಯವರೂ ಹೋದರು. ವರ್ನಾ ಗಂಡನಿಗೆ ಒಂದು ಕಾಫಿ ಬಗ್ಗಿಸಿ ಕೊಟ್ಟು ಸಮಾಧಾನ ಹೇಳಿದಳು. "ಹೋಗ್ಲಿ ಬಿಡು ಎಲ್ವುಡ್. ಯಾರಾದ್ರೂ ಒಬ್ಬರು ಗೆಲ್ಲಲೇಬೇಕಲ್ಲ. ಅರ್ಧ ಊರಿನ ಪೈ ಆದ್ರೂ ಉಳೀತು."

"ಅರ್ಧನೂ ಇಲ್ಲ ಕಣೇ" ಅಂದ ಎಲ್ವುಡ್. "ಗೆದ್ದೋರು ಏನು ಹೇಳ್ತಾರೆ ಗೊತ್ತಾ? ಆ ಬೇಕರಿಯವನು ಎಣಿಸ್ದೆ ಇದ್ದಿದ್ರೆ ಇನ್ನೂ ಹೆಚ್ಚು ಮತದಲ್ಲಿ ಗೆಲ್ತಿದ್ವಿ ಅಂತ!"